ಊರಿಗೇ ಕರೆಂಟ್ ಇಲ್ಲದಾಗ ನಮ್ಮನೆಯಲ್ಲಿ ಹಾರಿದ ಕಿಡಿ

ಚಿಕ್ಕಪ್ಪ ಅಮೆರಿಕದಿಂದ ವಾಪಸ್ ಬರುವಾಗ ತಂದು ನಮ್ಮನೆಯಲ್ಲಿ ಬಿಟ್ಟುಹೋದ ಗಿಟಾರ್ ಆಂಪ್, ಅಂದರೆ ಗಿಟಾರಿನ ಸದ್ದು ಜೋರು ಮಾಡೋ ಡಬ್ಬ, ಒಂದಿದೆ. ಫೆಂಡರ್ ಚಾಂಪ್, 1970ರ ದಶಕದ್ದು. ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ಟ್ಯೂಬು ಮೂರು, ಎಂಟಿಂಚಿನ ಒಂದು ಸ್ಪೀಕರು, ಅಷ್ಟೇ. ಅಲ್ಲಿನ 120 ವೋಲ್ಟಿಗೆ ಮಾಡಿದ್ದು, ಹಾಗಾಗಿ ನಮ್ಮ ವೋಲ್ಟೇಜನ್ನು ಇಳಿಸಿ ಕೊಡೋ, ಎತ್ತಿದರೆ ಸೊಂಟ ಹಿಡಿಯುವಂಥ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರೂ ಅದರ ಬೆನ್ನಿಗೇ ಬಂತು.

ಆನ್ ಮಾಡಿ ಟ್ಯೂಬು ಬಿಸಿಯಾಗುತ್ತಿದ್ದ ಹಾಗೆ ಗುಂಯ್ ಅಂತ ಶುರುವಾಗುತ್ತಿತ್ತು. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಗುಂಯ್. ಸೊನ್ನೆಯಲ್ಲೂ ಅಷ್ಟೇ ಜೋರಾಗಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಪವರ್ ಸಪ್ಲೈನ ಫಿಲ್ಟರ್ ಕಂಡೆನ್ಸರ್‌ಗಳನ್ನ. ಎಸಿಯನ್ನು ಡಿಸಿ ಮಾಡಿದ ಮೇಲೂ ಉಳಿದುಕೊಳ್ಳುವ ಏರಿಳಿತವನ್ನು ನುಂಗಿ ಹಾಕೋದು ಅವುಗಳ ಕೆಲಸ. ಒಳಗಿರೋ ರಸ ವರ್ಷಗಳು ಕಳೆದ ಹಾಗೆ ಒಣಗುತ್ತೆ, ಆಮೇಲೆ ನುಂಗೋ ಶಕ್ತಿ ಇರಲ್ಲ. ಮಾಡಿದವರ ತಪ್ಪೇನಿಲ್ಲ, ವಯಸ್ಸಿನ ಕಾಯಿಲೆ.

ನಮ್ಮ ಕರೆಂಟು 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡೋ ರೆಕ್ಟಿಫೈಯರ್ ದಾಟಿದ ಮೇಲೆ ಆ ಗುಂಯ್ ಎರಡು ಪಟ್ಟು, 100. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್ಟು 98, ಅಂದರೆ ಗುಂಯ್ ಹತ್ತಿರ ಹತ್ತಿರ ಜಿ ಸ್ವರ. ಅಮೆರಿಕದಲ್ಲಿ 60 ಹರ್ಟ್ಸ್ ಆದ್ದರಿಂದ ಇದೇ ಡಬ್ಬ ಅಲ್ಲಿ 120ರಲ್ಲಿ ಗೊಣಗುತ್ತಿತ್ತು, ಚಿಕ್ಕಮಗಳೂರಿಗೆ ಬಂದ ಮೇಲೆ ದನಿ ಇಳಿಸಿಕೊಂಡಿದೆ. ಇದರಿಂದ ಖುಷಿಪಟ್ಟವರು ಅತ್ತೆ ಒಬ್ಬರೇ. ಶನಿವಾರದ ಭಜನೆಗೆ ಅಭ್ಯಾಸ ಮಾಡುವಾಗ, "ಸ್ವಲ್ಪ ಅದನ್ನ ಹಾಕ್ತೀರಾ, ಶ್ರುತಿಗೆ ಅನುಕೂಲ ಆಗುತ್ತೆ" ಅನ್ನೋರು. ರಿಪೇರಿ ಅಂದಾಗ ಮುಖ ಸಣ್ಣಗಾಗಿದ್ದೂ ಅವರದ್ದೇ.

ಬೇಕಾಗಿದ್ದದ್ದು 22 ಮೈಕ್ರೋಫ್ಯಾರಡ್, 450 ವೋಲ್ಟಿನ ಕಂಡೆನ್ಸರ್ ಮೂರು. ಎಂ.ಜಿ. ರಸ್ತೆಯ ಹತ್ತಿರದ ಅಂಗಡಿಗೆ ಹೋಗಿ ಕೇಳಿದೆ. ಅವರು ಫ್ಯಾನಿನದ್ದು ತೆಗೆದಿಟ್ಟರು. ಅದಲ್ಲ, ಇನ್ನೂ ಜಾಸ್ತಿ ಮೈಕ್ರೋಫ್ಯಾರಡ್‌ದು ಬೇಕು ಅಂದೆ. ಒಳಗೆ ಹೋಗಿ ಲೋಟದಷ್ಟು ದಪ್ಪದ ಮೋಟರ್ ಕಂಡೆನ್ಸರ್ ತಂದು ಟೇಬಲ್ ಮೇಲೆ ಕುಟ್ಟಿದರು. "ಬೋರ್‌ವೆಲ್ಲನ್ನೇ ಎತ್ತುತ್ತೆ ಸಾರ್, ನಿಮ್ಮ ರೇಡಿಯೋ ಎತ್ತಲ್ವಾ?" ಎತ್ತಬಹುದು, ಆದರೆ ಅದನ್ನ ಆಂಪ್ ಒಳಗೆ ತುರುಕೋದು ಹೇಗೆ? ಅದೂ ಅಲ್ಲದೆ ಟ್ಯೂಬ್ ರೆಕ್ಟಿಫೈಯರ್ ಮುಂದೆ ಸಿಕ್ಕಾಪಟ್ಟೆ ದೊಡ್ಡ ಕಂಡೆನ್ಸರ್ ಕೂರಿಸಿದರೆ ಆ ಟ್ಯೂಬಿಗೇ ಕುತ್ತು. ಕೊನೆಗೆ ಬೆಂಗಳೂರಿಗೆ ಹೊರಟಿದ್ದ ಭಾವಮೈದನಿಗೆ ಚೀಟಿ ಬರೆದುಕೊಟ್ಟು ಎಸ್.ಪಿ. ರಸ್ತೆಯಿಂದ ತರಿಸಿದೆ.

ಇನ್ನು ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣನ ವಿಷಯ. ಇಲ್ಲಿ ಅರ್ಧ ಮನೆಗಳ ವೈರಿಂಗ್ ಅವರದ್ದೇ. ಗೇಟಿನಿಂದ ಆಂಪಿನ ಚಾಸಿಸ್ (ಭಾಗಗಳನ್ನೆಲ್ಲ ಕೂರಿಸಿರೋ ಲೋಹದ ತಟ್ಟೆ) ಕಂಡಿದ್ದೇ ತಡ, ಕರೆಯದೇ ಒಳಗೆ ಬಂದರು. ಆ ಗುಂಯ್ ಅವರೂ ಕೇಳಲಿ ಅಂತ ಸ್ವಿಚ್ ಹಾಕಿದೆ. ಜೋರು ಮಳೆ ಬೇರೆ, ಟ್ಯೂಬಿನೊಳಗೆ ಕೆಂಪು ಕಾಣಿಸುವಷ್ಟರಲ್ಲಿ ಕರೆಂಟ್ ಹೋಯ್ತು. ಪ್ಲಗ್ ಕಿತ್ತಿಟ್ಟೆ. ಅಣ್ಣ ಟೆಸ್ಟರ್ ಹಿಡಿದುಕೊಂಡು ಒಳಗೆ ಬಗ್ಗಿದರು. "ಮುಟ್ಟಬೇಡಿ, ಅದರಲ್ಲಿ ಇನ್ನೂ ಕರೆಂಟ್ ಇರುತ್ತೆ" ಅಂದೆ.

"ಊರಿಗೇ ಇಲ್ಲ ಸಾರ್! ಇದರಲ್ಲಿ ಎಲ್ಲಿಂದ ಬರುತ್ತೆ?"

ಬರುತ್ತೆ. ಈ ಆಂಪಿನಲ್ಲಿ 5ವೈ3 ಅನ್ನೋ ರೆಕ್ಟಿಫೈಯರ್ ಟ್ಯೂಬ್ ಬೇಗ ಎದ್ದು ಕೂರುತ್ತೆ, 6ವಿ6 ಪವರ್ ಟ್ಯೂಬ್ ನಿಧಾನ. ಆ ಕೆಲವು ಸೆಕೆಂಡಿನಲ್ಲಿ ಕಂಡೆನ್ಸರ್ ಚಾರ್ಜ್ ತುಂಬಿಕೊಳ್ಳುತ್ತೆ, ಖಾಲಿ ಮಾಡೋರು ಯಾರೂ ಇರಲ್ಲ. ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋದರೆ 400 ದಾಟಿದ ವೋಲ್ಟೇಜು ಒಳಗೇ ಕೂತಿರುತ್ತೆ. ಇಷ್ಟನ್ನೂ ನಾನು ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಟೆಸ್ಟರ್ ತುದಿ ಕಂಡೆನ್ಸರ್ ಕಾಲಿಗೂ ಚಾಸಿಸ್ಸಿಗೂ ಒಟ್ಟಿಗೆ ತಗುಲಿತು.

ಢಬ್!

ಕತ್ತಲೆ ಕೋಣೆಯಲ್ಲಿ ನೀಲಿ ಕಿಡಿ. ಅತ್ತೆ ಅಡುಗೆಮನೆಯಿಂದ "ಕರೆಂಟ್ ಬಂತಾ?" ಅಂತ ಕೂಗಿದರು. ಅಣ್ಣ ಕೂತಲ್ಲೇ ಅರ್ಧ ಅಡಿ ಹಿಂದಕ್ಕೆ ಜಾರಿದ್ದರು. ಟೆಸ್ಟರಿನ ತುದಿಯಲ್ಲಿ ಒಂದು ಮೂಲೆ ಕರಗಿ, ಕಪ್ಪು ಹಿಡಿದು, ಸಣ್ಣ ಗುಳಿ ಬಿದ್ದಿತ್ತು. ಪ್ಲಾಸ್ಟಿಕ್ ಹಿಡಿ ಹಿಡಿದಿದ್ದರು, ಬಚಾವ್. ಟೆಸ್ಟರನ್ನ ಆಚೆ ಈಚೆ ತಿರುಗಿಸಿ ನೋಡಿ, ಜೇಬಿಗಿಟ್ಟುಕೊಂಡು, "ಒರಿಜಿನಲ್ ಮಾಲು ಸಾರ್, ಈಗ ಇಂಥದ್ದು ಬರಲ್ಲ" ಅಂತ ಮೆಚ್ಚುಗೆ ಕೊಟ್ಟು ಕಾಫಿಗೆ ಕಾದು ಕೂತರು.

ಅವರು ಹೋದ ಮೇಲೆ ಉಳಿದ ಚಾರ್ಜನ್ನು ಶಾಸ್ತ್ರಪ್ರಕಾರ ಇಳಿಸಿದೆ. 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಚಾಸಿಸ್ಸಿಗೆ ಕ್ಲಿಪ್ ಹಾಕಿ, ಒಂದು ಕೈ ಹಿಂದೆ ಕಟ್ಟಿಕೊಂಡು ಪ್ರತಿ ಕಾಲಿಗೂ ಮುಟ್ಟಿಸೋದು, ಮೀಟರಿನಲ್ಲಿ ಸೊನ್ನೆ ಹತ್ತಿರ ಬಂತಾ ನೋಡೋದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡೋದು, ಯಾಕಂದ್ರೆ ಖಾಲಿಯಾದ ಹಾಗೆ ಕಾಣಿಸಿ ಸ್ವಲ್ಪ ಸ್ವಲ್ಪ ವಾಪಸ್ ಬರೋ ಬುದ್ಧಿ ಈ ಕಂಡೆನ್ಸರ್‌ಗಳಿಗೆ ಇದೆ. ಹಳೇದು ಒಂದೇ ಅಲ್ಯೂಮಿನಿಯಂ ಡಬ್ಬ, ಒಳಗೆ ಮೂರು ಸೇರಿಸಿಟ್ಟಿದ್ದಾರೆ. ಯಾವ ಕಾಲು ಯಾವುದರದ್ದು ಅಂತ ತಿಳಿಯಲಿ ಅಂತ ಬುಡದಲ್ಲಿ ಅರ್ಧ ಚಂದ್ರ, ಚೌಕ, ತ್ರಿಕೋನ ಕೊರೆದಿರೋದು ನನಗೆ ತುಂಬಾ ಹಿಡಿಸಿತು. ಡಬ್ಬ ಚಾಸಿಸ್ಸಿಗೇ ಬೆಸೆದುಕೊಂಡಿತ್ತು. ನನ್ನ 25 ವ್ಯಾಟಿನ ಸೋಲ್ಡರಿಂಗ್ ಐರನ್‌ಗೆ ಅದು ಬಗ್ಗಲಿಲ್ಲ, ಇದ್ದಬದ್ದ ಬಿಸಿಯನ್ನೆಲ್ಲ ಚಾಸಿಸ್ಸೇ ಕುಡಿದುಬಿಟ್ಟಿತು. ಸರಿ, ಅಂದಕ್ಕೆ ಅಲ್ಲೇ ಇರಲಿ ಅಂತ ಅದರ ವೈರ್ ಮಾತ್ರ ಬಿಡಿಸಿ, ಹೊಸ ಮೂರನ್ನು ಕೆಳಗೆ ಕೂರಿಸಿದೆ. ಪಟ್ಟಿ ಇರೋ ಕಡೆ ಮೈನಸ್. ತಿರುವುಮುರುವಾದರೆ ಸಿಡಿದು, ಆಮೇಲೆ ಗೋಡೆಗೆ ಸುಣ್ಣ ಹೊಡೆಸಬೇಕು.

ಗುಂಯ್ ಹೋಯ್ತು. ಎಷ್ಟು ಚೆನ್ನಾಗಿ ಹೋಯ್ತು ಅಂದ್ರೆ, ಇಷ್ಟು ದಿನ ಅದರಡಿ ಮುಚ್ಚಿಹೋಗಿದ್ದ ಸದ್ದೆಲ್ಲ ಈಗ ಸ್ಪೀಕರಿನಲ್ಲಿ ಕೇಳಿಸುತ್ತೆ. ಹಿಂದಿನ ಮನೆಯ ಮಿಕ್ಸಿ ತಿರುಗಿದರೆ ಕರ್ರ್. ನಲ್ಲಿ ನೀರು ಬಂದ ತಕ್ಷಣ ಪಕ್ಕದ ಮನೆಯವರು ಮೋಟರ್ ಹಾಕಿದರೆ ಟಪ್. ಗಿಟಾರ್ ಮಧ್ಯದಲ್ಲಿ ಆ ಟಪ್ ಕೇಳಿದ ಕೂಡಲೇ ಹೆಂಡತಿ, "ನೀರು ಬಂತು, ಏಳ್ರೀ, ಸಂಪಿನ ವಾಲ್ವ್ ತಿರುಗಿಸಿ" ಅಂತಾಳೆ. ಈಗ ಬೆಳಗ್ಗೆ ನಾನು ನುಡಿಸಲಿ, ಬಿಡಲಿ, ಆಂಪ್ ಆನ್ ಇರಬೇಕು ಅಂತ ಅವಳ ಅಪ್ಪಣೆ.