ಅಜ್ಜಿ ಆಡಾದ ಕಥೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಅಜ್ಜಿ ನಮ್ಮ ಜೊತೆ ಹವ್ಯಕ ಕನ್ನಡ ಮಾತಾಡುತ್ತಾರೆ, ತೋಟದ ಕೆಲಸದವರ ಜೊತೆ ತುಳು, ಬಸ್ಸು ಹತ್ತಿದರೆ ಮಲಯಾಳ. ಕೆಲವೊಮ್ಮೆ ಮೂರೂ ಒಂದೇ ವಾಕ್ಯದಲ್ಲಿ. ಯಾವ ಮಾತು ಎಷ್ಟು ಸಲ ಬರುತ್ತದೆ ಅಂತ ಎಣಿಸುವ ಹುಚ್ಚು ನನಗೆ ಹತ್ತಿತು. ಅವರ ಕಥೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಟೈಪ್ ಮಾಡಿದೆ. ಎಣಿಸುವುದು ಹೇಗೆ?

"ಪೈಥಾನ್ ಕಲಿ, ಸುಲಭ" ಅಂದ ಭಾವ. ಪೈಥಾನ್ ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಅಡಕೆ ಮರ ಹತ್ತುವುದೂ ಸುಲಭ ಅಂತ ಹಿಂದೊಮ್ಮೆ ಹೇಳಿದ್ದ ಪುಣ್ಯಾತ್ಮ.

ಮೊದಲ ವಾರ ಎರಡು ಚುಕ್ಕಿ ಮರೆತದ್ದಕ್ಕೆ, ಒಂದು ಸ್ಪೇಸ್ ಜಾಸ್ತಿ ಆದದ್ದಕ್ಕೆ ಕಂಪ್ಯೂಟರಿನಿಂದ ಬೈಸಿಕೊಂಡೇ ಕಳೆಯಿತು. ಆಮೇಲೆ ಪದ ಹುಡುಕುವ ಮಾಡ್ಯೂಲ್ (ಯಾರೋ ಮೊದಲೇ ಬರೆದಿಟ್ಟ ಪ್ರೋಗ್ರಾಮಿನ ತುಂಡು) ಸಿಕ್ಕಿತು. ಅದರ ಹೆಸರು ‘ರೀ’! ‘ಇಂಪೋರ್ಟ್ ರೀ’ ಅಂತ ಗಟ್ಟಿಯಾಗಿ ಓದಿದೆ. ಮೈಸೂರು ಕಡೆಯ ನನ್ನ ಹೆಂಡತಿ ಒಳಗಿಂದ ಇಣುಕಿದಳು. "ನೀವು ಯಾವಾಗಿಂದ ನನ್ನನ್ನ ರೀ ಅನ್ನೋಕೆ ಶುರು ಮಾಡಿದ್ದು?"

ಪದಗಳನ್ನು ಆರಿಸಲು ಒಂದು ಓರೆಗೆರೆ, ಒಂದು ಡಬ್ಲ್ಯೂ, ಒಂದು ಕೂಡಿಸುವ ಗುರುತು ಹಾಕಿದರೆ ಸಾಕು ಅಂತ ಓದಿದ್ದೆ. ಹಾಕಿದೆ. ಉತ್ತರ ಬಂತು. ಅಜ್ಜಿ ಎಲ್ಲೂ ಇಲ್ಲ. ಅವರ ಜಾಗದಲ್ಲಿ ‘ಅಜ’ ಮತ್ತು ‘ಜ’. ಅಜ ಅಂದರೆ ಆಡು! ಕಾಸರಗೋಡು ‘ಕ’, ‘ಸರಗ’, ‘ಡ’ ಅಂತ ಮೂರು ಹೋಳಾಗಿತ್ತು. ಸಾರು, ಸೀರೆ, ಸೇರು ಮೂರೂ ಒಂದೇ: ‘ಸ’, ‘ರ’. ಅಜ್ಜಿ ಪಕ್ಕದಲ್ಲೇ ಅಡಕೆ ಸುಲಿಯುತ್ತಿದ್ದರು. "ಎಂತಾತು ಮಗಾ?" ವಿಷಯ ಹೇಳಿದೆ. "ಎನ್ನ ಆಡು ಮಾಡಿದೆಯಾ?" ಅಂದವರು ಒಂದು ನಿಮಿಷ ಬಿಟ್ಟು, "ಸಾರ ಇಲ್ಲೆ" ಅಂತ ಕ್ಷಮಿಸಿದರು. ಆ ‘ಸಾರ’ವೂ ‘ಸ’, ‘ರ’ ಆಗಿರುತ್ತದೆ ಅಂತ ನಾನು ಬಾಯಿ ಬಿಡಲಿಲ್ಲ.

ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ಗುಟ್ಟು ಗೊತ್ತಾಯಿತು. ಯೂನಿಕೋಡ್ ಅಂದರೆ ಎಲ್ಲ ಲಿಪಿಗಳ ಅಕ್ಷರ, ಗುರುತುಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ನಂಬರು ಕೊಟ್ಟ ಪಟ್ಟಿ. ಅದರ ಲೆಕ್ಕದಲ್ಲಿ ‘ಜ’ ಅಕ್ಷರ. ಆದರೆ ಕೊಂಬು, ಏತ್ವ, ಗುಡಿಸು, ಒತ್ತಿನ ಹಿಂದೆ ಅಡಗಿದ್ದು ‘ಜ’ವನ್ನು ‘ಜ್’ ಮಾಡುವ ವಿರಾಮ, ಇವೆಲ್ಲ ಅಕ್ಷರದ ಪಂಗಡಕ್ಕೆ ಸೇರಿಲ್ಲ, ಬರೀ ಗುರುತುಗಳು. ಆ ‘ರೀ’ ಅಕ್ಷರ ಮತ್ತು ಅಂಕಿಗಳನ್ನಷ್ಟೇ (ಅಡಿಗೆರೆಯನ್ನೂ) ಒಳಗೆ ಬಿಡುತ್ತದೆ. ಗುರುತು ಕಂಡಲ್ಲಿ ಕತ್ತರಿ. ಒಂದನೇ ಕ್ಲಾಸಿನಲ್ಲಿ ಕಾಗುಣಿತ ತಪ್ಪಿದ್ದಕ್ಕೆ ಕಿವಿ ಹಿಂಡಿಸಿಕೊಂಡವನು ನಾನು. ಇಲ್ಲಿ ಕಾಗುಣಿತಕ್ಕೆ ಬೆಲೆಯೇ ಇಲ್ಲ. ಆದರೆ ‘ಅಜ್ಜಿ’ಯ ಉದ್ದ ಎಷ್ಟು ಅಂತ ಕೇಳಿದರೆ ಅದೇ ಕಂಪ್ಯೂಟರು ಒತ್ತು, ಗುಡಿಸು ಎಲ್ಲ ಬಿಡಿಬಿಡಿಯಾಗಿ ಎಣಿಸಿ 5 ಅನ್ನುತ್ತದೆ! ನಮ್ಮ ಕಣ್ಣಿಗೆ ಎರಡೇ ಅಲ್ವಾ?

ಪರಿಹಾರ ಸರಳ. ಯೂನಿಕೋಡಿನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ 128 ಸೈಟು ಕೊಟ್ಟಿದ್ದಾರೆ, ಕೆಲವು ಇನ್ನೂ ಖಾಲಿ. ಆ ಬೇಲಿಯೊಳಗೆ ಇರುವುದನ್ನೆಲ್ಲ ಪದ ಅಂತ ತಿಳಿ ಎಂದು ಬರೆದರೆ ಆಯಿತು. ಬೇಲಿ ದಾಟಿದರೆ ಮರು ಸೈಟೇ ಮಲಯಾಳದ್ದು! 1956ರಲ್ಲಿ ಗಡಿ ಎಳೆದ ಮೇಲೆ ನಮ್ಮೂರಿನ ತಕರಾರು ಇನ್ನೂ ಮುಗಿದಿಲ್ಲ. ಅಲ್ಲಿ ಮಾತ್ರ ಯಾರೂ ಜಗಳ ಆಡಿದ ಹಾಗೆ ಕಾಣಲಿಲ್ಲ.

‘ಫೇಸ್‌ಬುಕ್’ ಮತ್ತೆ ಎರಡು ತುಂಡಾಯಿತು. ಅದರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿದೆ, ಅದರ ವಿಳಾಸ ಬೇಲಿಯ ಆಚೆ. ಅಜ್ಜಿಗೆ ಫೇಸ್‌ಬುಕ್ ಗೊತ್ತಿಲ್ಲ, ಬಿಟ್ಟುಬಿಟ್ಟೆ.

ಕೊನೆಗೆ ಪಟ್ಟಿ ಬಂತು. ತುಳು, ಮಲಯಾಳದ ಅಪರೂಪದ ಮಾತು ಏನೋ ಮೇಲೆ ಇರುತ್ತದೆ ಅಂದುಕೊಂಡಿದ್ದೆ. ಮೊದಲ ಸ್ಥಾನ ‘ಹೇಳಿ’ಗೆ. ನೀವು ‘ಅಂತ’ ಅನ್ನುವ ಕಡೆಯೆಲ್ಲ ನಮ್ಮದು ‘ಹೇಳಿ’. ಒಟ್ಟು 212 ಸಲ. ಅಜ್ಜಿಗೆ ಓದಿ ಹೇಳಿದೆ. ಅವರಿಗೆ ಸಿಟ್ಟೇ ಬಂತು.

"ಆನು ಅಷ್ಟು ಸರ್ತಿ ಹೇಳಿದ್ದಿಲ್ಲೆ ಹೇಳಿ ಬರೆ!"

ಫೋನು ಆನ್ ಇತ್ತು. 213.