ಸೀನ ಬಂದ!

ನನ್ನ ಹೆಸರು ಶ್ರೀನಿವಾಸ. ತಿರುಪತಿಗೆ ಹರಕೆ ಹೊತ್ತು ಇಟ್ಟ ಹೆಸರು. ದಾವಣಗೆರೆಯ ಹಾಸ್ಟೆಲ್ಲಿಗೆ ಸೇರಿದ ವಾರದೊಳಗೆ ಹುಡುಗರು ಅದನ್ನು ಸವೆಸಿ ‘ಸೀನ’ ಮಾಡಿಬಿಟ್ಟರು. ನನ್ನ ರೂಮಿನವನು ಬ್ಯಾಡಗಿಯವನು, ಹಾಗಾಗಿ ಅವನಿಗೆ ‘ಮೆಣಸಿನಕಾಯಿ’. ಮೆಣಸಿನಕಾಯಿ ಇದ್ದಲ್ಲಿ ಸೀನ ಬರದೆ ಇರ್ತಾನಾ ಅನ್ನುವ ಒಂದೇ ಜೋಕನ್ನು ಇಡೀ ಹಾಸ್ಟೆಲ್ಲು ನಾಲ್ಕು ವರ್ಷ ಬಿಸಿ ಮಾಡಿ ಮಾಡಿ ಉಂಡಿತು.

ಓದು ಮುಗಿದ ಮೇಲೆ ಅವನು ಊರಿಗೆ ಹೋಗಿ ಅಪ್ಪನ ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತ. ನಾನು ಬೆಂಗಳೂರಿಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಇಪ್ಪತ್ತು ವರ್ಷ ಇಬ್ಬರೂ ಕೂತೇ ಇದ್ದೆವು. ಕಳೆದ ಫೆಬ್ರುವರಿಯಲ್ಲಿ ಫೋನ್ ಬಂತು. “ಲೇ ಸೀನ್ಯಾ, ಸುಗ್ಗಿ ಜೋರೈತಿ. ಈಗ ಬರ್ಲಿಲ್ಲ ಅಂದ್ರ ಮುಂದ ನೀ ಸತ್ತಾಗ ನಾನ ಬರ್ತೀನಿ ನೋಡು.” ಇಷ್ಟು ಅಕ್ಕರೆಯಿಂದ ಕರೆದ ಮೇಲೆ ಹೋಗದೆ ಇರುವುದು ಹೇಗೆ? ಭಾನುವಾರ ರಾತ್ರಿ ಬಸ್ ಹತ್ತಿದೆ.

ಹೆದ್ದಾರಿಯ ಬಸ್ಸುಗಳು ಬ್ಯಾಡಗಿಯ ಒಳಕ್ಕೆ ಹೋಗುವುದಿಲ್ಲ. ಮೋಟೆಬೆನ್ನೂರಿನಲ್ಲಿ ಇಳಿದು ಒಳದಾರಿ ಹಿಡಿಯಬೇಕು. ಬೆಳಗಿನ ಜಾವ “ಯಾರ್ರೀ ಮೋಟೆಬೆನ್ನೂರು, ಏಳ್ರೀ ಲಗೂ” ಎಂದು ಕಂಡಕ್ಟರ್ ಕೂಗಿದ್ದೇ ತಡ, ಕತ್ತಲಲ್ಲಿ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಜಿಗಿದೆ. ಬಸ್ಸಿನ ಕೆಂಪು ದೀಪ ಹುಬ್ಬಳ್ಳಿಯ ಕಡೆ ಕರಗಿದ ಮೇಲೆ ಗೊತ್ತಾಯಿತು: ಎಡಗಾಲಿನದು ನನ್ನದೇ ಚಪ್ಪಲಿ. ಬಲಗಾಲಿನದು ಯಾರೋ ಪುಣ್ಯಾತ್ಮನದು, ನನ್ನ ಪಾದ ಇಟ್ಟ ಮೇಲೂ ಇನ್ನೊಂದು ಮಗುವಿನ ಪಾದಕ್ಕೆ ಜಾಗ ಇತ್ತು. ಆ ಪುಣ್ಯಾತ್ಮ ನನ್ನ ಇನ್ನೊಂದನ್ನು ಏನು ಮಾಡಿದನೋ!

ಟಂಟಂ ಆಟೋದಲ್ಲಿ ಬ್ಯಾಡಗಿ ಮುಟ್ಟುವಷ್ಟರಲ್ಲಿ ಮೊಬೈಲು ಸತ್ತಿತ್ತು. ಚಹಾದ ಅಂಗಡಿಯಲ್ಲಿ ಗೆಳೆಯನ ಹೆಸರು ಹೇಳಿ ಮನೆ ಕೇಳಿದೆ. ಆ ಹೆಸರಿನವರು ಅಂಗಡಿಯೊಳಗೇ ಇಬ್ಬರಿದ್ದರು, ಇಬ್ಬರೂ “ಹೇಳ್ರಿ” ಅಂದರು. ಗಾಬರಿಯಲ್ಲಿ ಹಳೆಯ ಹೆಸರೇ ಬಾಯಿಗೆ ಬಂತು. “ಅಲ್ಲ, ನನಗೆ ಮೆಣಸಿನಕಾಯಿ ಬೇಕಿತ್ತು.”

“ಡಬ್ಬಿನೋ ಕಡ್ಡಿನೋ?” ಎಂದ ಅಂಗಡಿಯವನು, ಲೋಟ ತೊಳೆಯುತ್ತಲೇ.

ಆಮೇಲೆ ಗೆಳೆಯ ಬಿಡಿಸಿ ಹೇಳಿದ. ಡಬ್ಬಿ ಅಂದರೆ ಗಿಡ್ಡಗೆ, ದಪ್ಪಗೆ, ಮೈಯೆಲ್ಲ ಸುಕ್ಕು. ಕಡ್ಡಿ ಉದ್ದ, ತೆಳ್ಳಗೆ. ಆ ಲೆಕ್ಕದಲ್ಲಿ ಹಾಸ್ಟೆಲ್ಲಿನಲ್ಲಿ ಕಡ್ಡಿಯಾಗಿದ್ದವನು ಈಗ ಅಪ್ಪಟ ಡಬ್ಬಿ. ಚಹಾದಂಗಡಿಗೆ ತಾನೇ ಹುಡುಕಿಕೊಂಡು ಬಂದು, ರಸ್ತೆಯ ಆಚೆಯಿಂದಲೇ “ಸೀನ ಬಂದ! ಸೀನ ಬಂದ!” ಎಂದು ಕೂಗಿದ. ಚಹಾ ಕುಡಿಯುತ್ತಿದ್ದ ನಾಲ್ಕು ಜನ ಲೋಟಕ್ಕೆ ಅಂಗೈ ಮುಚ್ಚಿಕೊಂಡರು.

ಮನೆಯಲ್ಲಿ ಅವನ ಅವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ನೋಡಿ, ಕಾಲಿನಲ್ಲೇ ನಿಂತರು. “ಇದೇನ ತಮ್ಮಾ, ಬೆಂಗಳೂರಾಗ ಹಿಂಗ ಫ್ಯಾಶನ್ ಬಂದೈತೇನು?”

ಎಂಟು ಗಂಟೆಗೆ ಸ್ನಾನ, ವಿಭೂತಿ ಮುಗಿಸಿ ಗೆಳೆಯ ಪ್ಯಾಟಿಗೆ ಹೊರಟ. ಇಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರಾಟದ ದಿನ. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷ ಚೀಲದ ಮೇಲೆ ಆವಕ ಆಗುತ್ತದೆ. ಅಂಥ ಸೋಮವಾರ ಅವನು ಬಲಗಾಲನ್ನು ಹೊಸ್ತಿಲಿನಾಚೆ ಇಟ್ಟ ಗಳಿಗೆಗೆ ಸರಿಯಾಗಿ, ಪಡಸಾಲೆಯಲ್ಲಿ ಕೂತಿದ್ದ ನಾನು ಸೀನಿದೆ. ಒಂದೇ ಸೀನು.

ಅವ್ವ ಚೀರಿದರು. “ನಿಲ್ಲೋ! ಒಂಟಿ ಸೀನು!”

ಗೆಳೆಯ ಬಲಗಾಲನ್ನು ಒಳಕ್ಕೆ ಎಳೆದುಕೊಂಡು ಬಂದು ಕೂತ, ನೀರು ಕುಡಿದ. ಒಂಟಿ ಸೀನು ಅಪಶಕುನ, ಜೋಡಿ ಆದರೆ ಅಡ್ಡಿಯಿಲ್ಲ ಎಂಬುದು ನಮ್ಮ ಮಂಡ್ಯದ ಕಡೆಯೂ ಇದೆ. ಆದರೆ ಸೀನಿನದೇ ಊರಿನಲ್ಲಿ ಈ ಶಕುನವೇ? ಅವ್ವನ ಕಾಯ್ದೆ ಸ್ಪಷ್ಟವಾಗಿತ್ತು. “ಪ್ಯಾಟ್ಯಾಗಿನ ಸೀನು ಲೆಕ್ಕಕ್ಕಿಲ್ಲ. ಹೊಸ್ತಿಲದಾಗಿಂದು ಲೆಕ್ಕಕ್ಕೈತಿ. ತಮ್ಮಾ, ಇನ್ನೊಂದು ಹೊಡದು ಜೋಡಿ ಮಾಡು.”

ಕೇಳಿದಾಗ ಬರುವುದಕ್ಕೆ ಸೀನೇನು ಸಾಲ ತೀರಿಸುವವನೇ? ಬಾಯಿ ತೆರೆದು, ಕಣ್ಣು ಕಿರಿದು ಮಾಡಿ, ಸೂರ್ಯನ ಕಡೆ ಮುಖವೆತ್ತಿ ನಿಂತೆ. ಮನೆಮಂದಿಯೆಲ್ಲ ನನ್ನ ಮೂಗನ್ನೇ ನೋಡುತ್ತಿದ್ದರು. ವೈನಿ, ಅಂದರೆ ನಮ್ಮ ಕಡೆಯ ಅತ್ತಿಗೆ, ಅಡುಗೆಮನೆಯಿಂದ ಒಂದು ಮೆಣಸಿನಕಾಯಿ ತಂದು ಮುರಿದು ಮೂಗಿನ ಕೆಳಗೆ ಹಿಡಿದರು. ಬಂತು. ಎರಡಾಯಿತು. ಗೆಳೆಯ ಎದ್ದ. ಹೊಸ್ತಿಲು ಮುಟ್ಟಿದ. ಮೂರನೆಯದು ಬಂತು. ಅವನು ಮತ್ತೆ ಕೂತ, ಮತ್ತೆ ನೀರು ಕುಡಿದ. ಏಳನೆಯ ಸೀನಿನವರೆಗೆ ನಡೆಯಿತು ಈ ಆಟ. ಎಂಟನೆಯದು ಬಿದ್ದ ಕೂಡಲೇ ಅವನು ನನ್ನ ಬಾಯಿ ಮೂಗು ಎರಡನ್ನೂ ಅಂಗೈಯಿಂದ ಒತ್ತಿ ಹಿಡಿದು, ನನ್ನನ್ನೂ ಎಳೆದುಕೊಂಡು ಹೊರಬಿದ್ದ. ಹಿಂದೆ ಅವ್ವನ ದನಿ: “ಸೀನಿಗೂ ಜೋಡಿಲ್ಲ, ಚಪ್ಪಲಿಗೂ ಜೋಡಿಲ್ಲ, ಎಂಥವನ್ನ ದೋಸ್ತಿ ಮಾಡಿಯೋ!”

ಪ್ಯಾಟಿ ಕಣ್ಣಿಗೆ ಹಬ್ಬ, ಮೂಗಿಗೆ ಯುದ್ಧ. ಅಂಗಡಿ ಅಂಗಡಿಯ ಮುಂದೆ ಬಾಯಿ ಬಿಚ್ಚಿದ ಚೀಲಗಳ ಸಾಲು, ನೆಲವೇ ಕೆಂಪು. ಖರೀದಿದಾರ ಒಂದು ಕಾಯಿ ಎತ್ತುತ್ತಾನೆ, ಬಾಗಿಸುತ್ತಾನೆ, ಸೀಳಿ ಒಳಗೆ ನೋಡುತ್ತಾನೆ, ಅಂಗೈಗೆ ಉಜ್ಜಿ ಬಣ್ಣ ನೋಡುತ್ತಾನೆ, ಮುಖದಲ್ಲಿ ಏನನ್ನೂ ತೋರಿಸದೆ ಮುಂದೆ ಹೋಗುತ್ತಾನೆ. ದರ ಹಾಕುವುದು ಈಗ ಕಂಪ್ಯೂಟರಿನ ಟೆಂಡರಿನಲ್ಲಿ. ರೈತ ಮಾತ್ರ ಹಿಂದಿನ ಹಾಗೆಯೇ ಚೀಲದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಆ ಮುಖವನ್ನೇ ಓದುತ್ತಿರುತ್ತಾನೆ.

ಬೆಂಗಳೂರಿನಲ್ಲಿ ಮೆಟ್ರೋದೊಳಗೆ ಒಮ್ಮೆ ಸೀನಿದರೆ ಸುತ್ತ ಮೂರಡಿ ಜಾಗ ತಾನೇ ಖಾಲಿಯಾಗುತ್ತದೆ. ಇಲ್ಲಿ ನಾನು ನಿಂತಲ್ಲೇ ಹದಿನಾಲ್ಕು ಸೀನಿದೆ, ಒಬ್ಬ ಹಮಾಲನೂ ತಿರುಗಿ ನೋಡಲಿಲ್ಲ. ಒಬ್ಬ ಅಜ್ಜ ಮಾತ್ರ “ಹೊಸಬ್ರೇನ್ರಿ?” ಎಂದ.

“ನಮ್ಮದು ಖಾರದ್ದಲ್ಲಲೇ, ಬಣ್ಣದ್ದು” ಎಂದು ಗೆಳೆಯ ಎದೆ ಉಬ್ಬಿಸಿದ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಬಂದದ್ದನ್ನು ಮಗನ ಮಾರ್ಕ್ಸ್‌ಕಾರ್ಡಿನ ಹಾಗೆ ಹೇಳಿದ. ಕಾರ್ಖಾನೆಗಳಲ್ಲಿ ಇದರ ಬಣ್ಣ ತೆಗೆಯುತ್ತಾರಂತೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದಂತೆ. “ಲಿಪ್‌ಸ್ಟಿಕ್ಕಿಗೆ ಹೋಗೋದು ಖಾರ ಇರ್ತೈತೇನಲೇ?” ಎಂಬ ಅವನ ತರ್ಕಕ್ಕೆ ಸೋತು ನಾನೂ ಖರೀದಿದಾರನ ಗತ್ತಿನಲ್ಲಿ ಎರಡು ಡಬ್ಬಿ ಸೀಳಿದೆ, ಅಂಗೈಗೆ ಉಜ್ಜಿದೆ. ಬಣ್ಣ ಹೌದು, ರಂಗು ಅಂದರೆ ರಂಗು. ಅದೇ ಹೊತ್ತಿಗೆ ಹದಿನೈದನೆಯದು ಬಂದು ಕಣ್ಣಲ್ಲಿ ನೀರಾಡಿತು. ಕಣ್ಣೊರೆಸಿಕೊಂಡೆ.

ಆಮೇಲಿನ ಅರ್ಧ ಗಂಟೆ ಬ್ಯಾಡಗಿ ಹೇಗಿತ್ತೋ ನಾನು ಕಾಣೆ.

ನೀರು ಎರಚಿಕೊಂಡಷ್ಟೂ ಉರಿ ಏರಿತು. ತೊಟ್ಟು ಬಿಡಿಸುತ್ತ ಕೂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕು, ಆಮೇಲೆ ಕರುಣೆ ಬಂದು ಒಬ್ಬರು ಎದ್ದರು. ಖಾರ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ ಎಂಬುದು ಅವರ ಕೈಗೆ ಗೊತ್ತು. ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿರುತ್ತಾರೆ. ನನ್ನ ಅಂಗೈಗೂ ಎಣ್ಣೆ ತಿಕ್ಕಿ ಸಾಬೂನಿನಿಂದ ತೊಳೆಸಿ, ಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ರೆಪ್ಪೆಯ ಮೇಲಿಟ್ಟರು. “ಕಣ್ಣು ಮುಟ್ಟೋ ಮೊದಲ ಕೈ ತೊಳೀಬೇಕು, ಸಾಲ್ಯಾಗ ಕಲಿಸಿಲ್ಲೇನ್ರಿ?” ಎಂದು ಕೇಳಿದರು. ನಾನು ಎಂಜಿನಿಯರು ಎಂದು ಗೆಳೆಯ ಹೇಳದೆ ಇದ್ದದ್ದು ಅವನ ದೊಡ್ಡತನ.

ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ತಾಟಿನ ಒಂದು ಮೂಲೆಯಲ್ಲಿ ರಕ್ತದಂಥ ಕೆಂಪು ಚಟ್ನಿ, ಇನ್ನೊಂದು ಮೂಲೆಯಲ್ಲಿ ತಿಳಿಹಸಿರು ಬಣ್ಣದ್ದು, ಸಾಧುವಿನ ಹಾಗೆ ಕೂತಿತ್ತು. ಬೆಳಗಿನಿಂದ ಬುದ್ಧಿ ಕಲಿತಿದ್ದ ನಾನು ಕೆಂಪನ್ನು ದೂರ ತಳ್ಳಿ ಹಸಿರನ್ನು ದೊಡ್ಡದಾಗಿ ಬಳಿದುಕೊಂಡೆ. ಅದು ಹಸಿಮೆಣಸಿನಕಾಯಿಯದು. ಬಣ್ಣ ಇಲ್ಲದ್ದಕ್ಕೇ ಖಾರ ಇತ್ತು. ವೈನಿ ಓಡಿ ಹೋಗಿ ಗಟ್ಟಿ ಮೊಸರು ತಂದರು. ಅವ್ವ ಎರಡು ಬೆರಳಿನಲ್ಲಿ ಕೆಂಪು ಚಟ್ನಿ ನೆಕ್ಕುತ್ತ, “ನಮ್ಮ ಕಾಯಿಗೆ ಹೆದರಿ ಪರ ಊರಿನ ಕಾಯಿ ತಿಂದಿ ನೋಡು” ಎಂದರು. ಬ್ಯಾಡಗಿಯಲ್ಲೇ ಹುಟ್ಟಿ, ಬ್ಯಾಡಗಿಯಲ್ಲೇ ಕೊಟ್ಟ ಹೆಣ್ಣುಮಗಳು. ಎಪ್ಪತ್ತೆರಡು ವರ್ಷದಲ್ಲಿ ಮೆಣಸಿನಕಾಯಿಗೆ ಒಮ್ಮೆಯೂ ಸೀನಿಲ್ಲ ಎಂಬುದು ಅವರ ಹೆಮ್ಮೆ.

ಸಂಜೆ ಚೀಲ ಹೆಗಲಿಗೆ ಹಾಕಿದೆ. ಎರಡು ಕಿಲೋ ಡಬ್ಬಿ, ವೈನಿ ಕಟ್ಟಿಕೊಟ್ಟ ರೊಟ್ಟಿ, ಕಾಲಿಗೆ ಗೆಳೆಯ ಕೊಡಿಸಿದ ಹೊಸ ಚಪ್ಪಲಿ, ಜೋಡಿಯಾಗಿ. ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಬಲಗಾಲನ್ನು ಹೊಸ್ತಿಲಿನಾಚೆ ಇಟ್ಟೆ.

ಹಿಂದಿನಿಂದ ಒಂದು ಸೀನು.

ತಿರುಗಿ ನೋಡಿದೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಕಣ್ಣು ನನ್ನ ಮೇಲಿರಲಿಲ್ಲ, ಗೋಡೆಯ ಮೇಲಿತ್ತು.

“ಇನ್ನೊಂದು ಬರ್ಲಿ ಅವ್ವಾ, ಜೋಡಿ ಆಗ್ಲಿ” ಎಂದೆ. ಬಸ್ಸಿಗೆ ಮುಕ್ಕಾಲು ಗಂಟೆಯಿತ್ತು.

“ವಯಸ್ಸಾತಲ್ಲ ತಮ್ಮಾ, ಒಂದ ಬರ್ತೈತಿ. ನಾಳಿ ಹೋಗಾಕಂತಿ, ಕೂಡು.”

ಗೆಳೆಯ ಅಷ್ಟರಲ್ಲಿ ನನ್ನ ಚೀಲ ಒಳಗಿಟ್ಟು, ಹಾಸಿಗೆ ಬಿಡಿಸಲು ಹೋಗಿದ್ದ.