ಶಾಲು ಸಾಕು, ನಮ್ಮವ್ವನ ವಯಸ್ಸು ಒಪ್ಕೊಳ್ಳಿ

ಬೆಳಿಗ್ಗೆ ಊರಿಂದ ಫೋನ್ ಬಂತು. ಆಗಸ್ಟ್ 15ಕ್ಕೆ ಮಾಜಿ ಸೈನಿಕರ ಮನೆಯವರಿಗೆ ಸನ್ಮಾನ ಇದೆಯಂತೆ, ಅವ್ವನ್ನ ಕರ್ಕೊಂಡು ಬರಬೇಕಂತೆ. ಬರಲ್ಲ ಅಂದೆ. ಯಾಕಣ್ಣ ಅಂತ ಕೇಳಿದ್ರು. ಉತ್ತರ ಹೇಳೋಕೆ ಹೋದರೆ ಗಂಟಲು ಕಟ್ಟಿಕೊಂಡಿತು, ಫೋನ್ ಇಟ್ಟುಬಿಟ್ಟೆ. ಆ ಉತ್ತರ ಇಲ್ಲಿ ಬರೀತಿದ್ದೀನಿ.

ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಅಪ್ಪ 1962ರಲ್ಲಿ, ಚೀನಾ ಯುದ್ಧದ ಹೊತ್ತಲ್ಲಿ, ಬೆಂಗಳೂರಿಗೆ ಹೋಗಿ ಮಿಲಿಟ್ರಿಯ ಇಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದ್ದು. 17 ವರ್ಷ ಮಿಲಿಟ್ರಿ. 71ರ ಯುದ್ಧದಲ್ಲಿ ಪಾಕಿಸ್ತಾನದ ಶಕರ್‌ಗಢ ಕಡೆ ಇದ್ದರು. ಟ್ಯಾಂಕು ಮುಂದೆ ಹೋಗಬೇಕಾದರೆ ನೆಲದಲ್ಲಿ ಹೂತಿಟ್ಟ ಮೈನು ತೆಗೆದು ದಾರಿ ಮಾಡಿಕೊಡೋರು ಸ್ಯಾಪರ್‌ಗಳು. ಆ ಕೆಲಸದ ಬಗ್ಗೆ ಅಪ್ಪ ಮನೇಲಿ ಬಾಯಿ ಬಿಟ್ಟಿದ್ದು ಕಡಿಮೆ. ಆ ಯುದ್ಧಕ್ಕೆ ಕೊಟ್ಟ ಪಶ್ಚಿಮೀ ಸ್ಟಾರು, ಸಂಗ್ರಾಮ್ ಮೆಡಲು ಎರಡೂ ಅವರ ಕಪ್ಪು ಟ್ರಂಕಿನಲ್ಲಿವೆ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅವರ ನಂಬರು ಇನ್ನೂ ಅಳಿಸಿಲ್ಲ.

ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗೀತು ಅಂತ ಪುಸ್ತಕದಲ್ಲಿದೆ. ನಮ್ಮವ್ವನಿಗೆ ಸಂಕ್ರಾಂತಿ ಕಳೆದರೂ ಮುಗಿದಿರಲಿಲ್ಲ. 56 ಎಪಿಒ ಅನ್ನೋ ಮಿಲಿಟ್ರಿ ಅಂಚೆ ವಿಳಾಸದ ಇನ್ಲೆಂಡ್ ಲೆಟರು ಬಂದದ್ದು ಹಬ್ಬ ಆದ ಮೇಲೆ. ಅವ್ವನಿಗೆ ಓದೋಕೆ ಬರಲ್ಲ. ಪೋಸ್ಟ್‌ಮ್ಯಾನ್ ಕೈಲಿ ಓದಿಸಿದಳು. ಸಮಾಧಾನಕ್ಕೆ ಅಂತ ಸುಳ್ಳು ಓದಿದನೇನೋ ಅನ್ನೋ ಭಯಕ್ಕೆ ಮೇಷ್ಟ್ರ ಮನೆಗೆ ಹೋಗಿ ಅದೇ ಕಾಗದ ಇನ್ನೊಂದು ಸಲ ಓದಿಸಿದಳು. ಅಷ್ಟು ದಿನವೂ ಕಬ್ಬಿನ ಗದ್ದೆ ಕೆಲಸ, ಎಮ್ಮೆ, ಅತ್ತೆ ಮಾವ, ಕಂಕುಳಲ್ಲಿ ಒಂದು ಮಗು.

ಅಪ್ಪ 2009ರಲ್ಲಿ ತೀರಿಕೊಂಡರು. ಅವ್ವನಿಗೆ ಫ್ಯಾಮಿಲಿ ಪೆನ್ಷನ್ ಬರ್ತಿದೆ, ಅದಕ್ಕೇನೂ ತೊಂದರೆ ಇಲ್ಲ. ತೊಂದರೆ ಇರೋದು 80 ತುಂಬಿದ ಮೇಲೆ. 80 ಆದ ಪೆನ್ಷನ್‌ದಾರರಿಗೆ ಮೂಲ ಪೆನ್ಷನ್ ಮೇಲೆ ನೂರಕ್ಕೆ 20 ಜಾಸ್ತಿ ಕೊಡಬೇಕು, 85ಕ್ಕೆ 30, 90ಕ್ಕೆ 40. ಫ್ಯಾಮಿಲಿ ಪೆನ್ಷನ್‌ಗೂ ಇದೇ ನಿಯಮ. ಯಾರೂ ದಯೆ ತೋರಿಸಿ ಕೊಡೋ ದುಡ್ಡಲ್ಲ ಇದು. ಕನಿಷ್ಠ ಪೆನ್ಷನ್ 9,000 ಅಂತ ಹಿಡಿದರೂ ತಿಂಗಳಿಗೆ 1,800, ಅದರ ಮೇಲೆ ತುಟ್ಟಿಭತ್ಯೆ. ಮೈಸೂರಲ್ಲಿ ಮನೆಯಲ್ಲೇ ಕೂತವರಿಗೆ ಇದು ಸಣ್ಣ ಮೊತ್ತ ಅನ್ನಿಸಬಹುದು. ಹಗಲು ಅವ್ವನ ಜೊತೆ ಇರೋಕೆ ಬರೋ ಹೆಂಗಸಿಗೆ ಕೊಡೋ ಸಂಬಳದಲ್ಲಿ ಅರ್ಧ ಅದರಲ್ಲೇ ಆಗುತ್ತೆ.

ಅಪ್ಪನ ಡಿಸ್ಚಾರ್ಜ್ ಬುಕ್ಕಲ್ಲಿ ಹೆಂಡತಿ ಹೆಸರಿದೆ, ಹುಟ್ಟಿದ ತಾರೀಖಿನ ಜಾಗ ಖಾಲಿ. ಅವತ್ತು ಬರೆದುಕೊಂಡ ಗುಮಾಸ್ತ ಕೇಳಲೂ ಇಲ್ಲ, ಕೇಳಿದ್ದರೂ ಅಪ್ಪನಿಗೆ ಗೊತ್ತಿರಲಿಲ್ಲ. ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಅವಳ ಲೆಕ್ಕ ಅವಳಿಗಿದೆ: "ಸ್ವಾತಂತ್ರ್ಯ ಬಂದ್ ವರ್ಸ ನನ್ ತಮ್ಮ ಹುಟ್ಟಿದ್ದು. ತೊಟ್ಲು ಹಗ್ಗ ಜಗ್ತಾ ಕೂತಿರ್ತಿದ್ದೆ ಕಣಪ್ಪಾ." ತೊಟ್ಟಿಲು ತೂಗೋ ಮಗುವಿಗೆ ನಾಲ್ಕಾದರೂ ಆಗಿರಬೇಕು. 1943. ಆಧಾರ್‌ನಲ್ಲಿ 01-01-1943 ಅಂತ ಹಾಕಿದ್ದಾರೆ, ತಾರೀಖು ಗೊತ್ತಿಲ್ಲದ ನಮ್ಮೂರ ಮುದುಕರೆಲ್ಲ ಜನವರಿ 1ಕ್ಕೇ ಹುಟ್ಟಿದವರು. ವೋಟರ್ ಐಡಿಯಲ್ಲಿ ಎರಡು ವರ್ಷ ಹೆಚ್ಚುಕಮ್ಮಿ. ಎರಡರಲ್ಲಿ ಯಾವುದನ್ನ ಹಿಡಿದರೂ 80 ದಾಟಿದೆ!

ಇದನ್ನ ಬ್ಯಾಂಕಿನಲ್ಲಿ ಎಷ್ಟು ಸಲ ಹೇಳಿದ್ದೀನಿ. ಆಧಾರ್ ಕೊಟ್ಟರೆ, ಹುಟ್ಟಿದ ತಾರೀಖಿಗೆ ಇದು ಪುರಾವೆ ಅಲ್ಲ ಅಂತ ಕಾರ್ಡಲ್ಲೇ ಇದೆ ನೋಡಿ ಸಾರ್ ಅಂತಾನೆ ಹುಡುಗ. ವೋಟರ್ ಐಡಿ ಕೊಟ್ಟರೆ ಎರಡೂ ತಾಳೆ ಆಗಲ್ಲ. ಬ್ಯಾಂಕಿನವರು ಮಿಲಿಟ್ರಿಯ ರೆಕಾರ್ಡ್ಸ್ ಆಫೀಸಿಗೆ ಬರೀರಿ ಅಂತಾರೆ. ಅಲ್ಲಿಂದ ಬಂದ ಪತ್ರ ತಂದು ಕೊಟ್ಟರೆ ಇದು ನಮ್ಮ ಫಾರಮ್ಮಿನ ಪ್ರಕಾರ ಇಲ್ಲ. ಅಫಿಡವಿಟ್ ಮಾಡಿಸಿದೆ. ಅದನ್ನ ಇಸ್ಕೊಂಡ ಮ್ಯಾನೇಜರು ವರ್ಗ ಆಗಿ ಹೋದರು, ಹೊಸಬರ ಹತ್ರ ಫೈಲೇ ಇಲ್ಲ. ಎಲ್ಲಾ ಮತ್ತೆ ಮೊದಲಿಂದ.

ನವೆಂಬರ್ ಬಂದರೆ ಅದೇ ಆಧಾರ್ ಅದೇ ಕೌಂಟರ್‌ನಲ್ಲಿ ಬೇಕು, ಜೀವಂತ ಇದ್ದಾಳೆ ಅಂತ ತೋರಿಸೋಕೆ. ಹೆಬ್ಬೆಟ್ಟು ಒತ್ತಿದರೆ ಮಿಷನ್ ತಗೊಳ್ಳಲ್ಲ. ಗದ್ದೆ ಕೆಲಸ ಮಾಡಿ ಮಾಡಿ ಬೆರಳಲ್ಲಿ ಗೆರೆಯೇ ಉಳಿದಿಲ್ಲ. ಹೋದ ನವೆಂಬರ್‌ನಲ್ಲಿ ಪಾಂಡವಪುರದಿಂದ ಬಸ್ಸು, ಮೈಸೂರಿನ ಸಬರ್ಬನ್ ಸ್ಟ್ಯಾಂಡಿಂದ ಆಟೋ, ಹೋಗಿ ನಿಂತರೆ ಆ ಹುಡುಗ ತಲೆ ಎತ್ತದೆ "ಅಜ್ಜಿ, ಕೈ ಒರೆಸ್ಕೊಂಡು ಬಾ" ಅಂದ. ಬಾ! ಮೊಮ್ಮಗನ ವಯಸ್ಸಿನವನು! ಅವ್ವ ಸೆರಗಲ್ಲಿ ಬೆರಳು ಉಜ್ಜಿ ಉಜ್ಜಿ ಕೆಂಪು ಮಾಡ್ಕೊಂಡಳು. ಹೊರಗೆ ಬಂದ ಮೇಲೆ ಕೇಳಿದಳು, "ಯಾಕ್ಲಾ ಮಗ, ನಾನು ಹುಟ್ಟೇ ಇಲ್ವಂತಾ?" ನನ್ನ ಹತ್ರ ಉತ್ತರ ಇರಲಿಲ್ಲ.

ಹೋದ ವರ್ಷದ ಸನ್ಮಾನದಲ್ಲಿ ಒಬ್ಬರು ಈಗಿನ ಇಸ್ರೇಲಿನಲ್ಲಿರೋ ಹೈಫಾದ ಕದನದ ಬಗ್ಗೆ ಮಾತಾಡಿದರು. 1918ರ ಸೆಪ್ಟೆಂಬರ್ 23, ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನವರ ನೆನಪಿಗೆ ಅಂತ. ಕೇಳಿ ನನಗೂ ಹೆಮ್ಮೆ ಆಯ್ತು, ಸುಳ್ಳು ಹೇಳಲ್ಲ. ಆಮೇಲೆ ಮೈಕಲ್ಲಿ "80 ದಾಟಿದ ಈ ಮಹಾತಾಯಿ" ಅಂತ ಅವ್ವನ್ನ ಕೂಗಿ ಶಾಲು ಹೊದಿಸಿದರು. ಊರಿಗೆಲ್ಲ ಕೇಳಿಸೋ ಹಾಗೆ ಮೈಕಲ್ಲಿ ಹೇಳ್ತೀರಿ, ಒಂದು ಕಾಗದದ ಮೇಲೆ ಬರೆದುಕೊಡೋಕೆ ನಿಮ್ಮಲ್ಲಿ ಒಬ್ಬರಿಗೂ ಆಗಲ್ಲವಾ? ವೇದಿಕೆ ಮೇಲಿದ್ದವರಿಗೆಲ್ಲ ಅವತ್ತೇ ಅರ್ಜಿ ಕೊಟ್ಟೆ. ಮಡಚಿ ಜೇಬಿಗೆ ಇಟ್ಕೊಂಡರು. ಒಂದು ಫೋನ್ ಬಂದಿಲ್ಲ.

ಟ್ರಂಕಿನಲ್ಲಿ ಅಪ್ಪನ ಮೆಡಲ್ ಮೇಲೆ ಈಗ ಆರು ಶಾಲುಗಳಿವೆ. ಒಂದನ್ನೂ ಅವ್ವ ಹೊದ್ದಿಲ್ಲ. ಚಳಿಗೆ ಅವಳು ಹೊದೆಯೋದು ಅಪ್ಪ ತಂದಿದ್ದ ಮಿಲಿಟ್ರಿ ಕಂಬಳಿ.

ಸೋಮವಾರ ಮತ್ತೆ ಬ್ಯಾಂಕಿಗೆ ಹೋಗ್ತಿದ್ದೀನಿ, ಅವ್ವನ್ನ ಕರ್ಕೊಂಡು ಹೋಗಲ್ಲ. ಆಗಲ್ಲ ಅನ್ನೋದಾದರೆ ಯಾಕೆ ಆಗಲ್ಲ ಅಂತ ಬರೆದು, ಸೀಲು ಹಾಕಿ ಕೊಡಲಿ. ಕೊಡೋವರೆಗೂ ಆ ಕೌಂಟರ್ ಬಿಟ್ಟು ಕದಲಲ್ಲ.